ಡಬ್ಬಿ ಕಟ್ಟಿಕೊಂಡು ಸಮುದ್ರಕ್ಕೆ

ಖಾಲಿ ಎಣ್ಣೆ ಡಬ್ಬಿಯನ್ನು ಬೇಸಿಗೆಯ ಬಿಸಿಲಿಗೆ ಇಟ್ಟರೆ ಅದರಿಂದ ಒಂದು ಕಮಟು ವಾಸನೆ ಏಳುತ್ತದೆ. ಎಷ್ಟು ಸಲ ಸೋಪು ಹಾಕಿ ತೊಳೆದರೂ ಪ್ಲಾಸ್ಟಿಕ್ಕಿನ ಒಳಮೈಗೆ ಹತ್ತಿದ ಎಣ್ಣೆ ಪೂರ್ತಿ ಹೋಗುವುದಿಲ್ಲ. ಮೊನ್ನೆ ಪಕ್ಕದ ಕ್ವಾರ್ಟರಿನವರು ಅಂಥದೊಂದು ಐದು ಲೀಟರಿನ ಡಬ್ಬಿಯನ್ನು ನಮ್ಮ ಕಟ್ಟೆಯ ಮೇಲೆ ಮರೆತು ಹೋಗಿದ್ದರು. ಮಧ್ಯಾಹ್ನ ಬಾಗಿಲು ತೆರೆದವಳಿಗೆ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮಗಳ ಹೆಸರು ಹಿಡಿದು ಚೀರಿಬಿಟ್ಟೆ. ಅವಳು ಒಳಗೆ ಫ್ಯಾನಿನ ಕೆಳಗೆ ಕೂತು ಓದುತ್ತಿದ್ದಳು. "ಏನ್ ಮಮ್ಮಿ?" ಅಂದಳು. "ಏನಿಲ್ಲ, ಓದು" ಅಂದೆ. ಡಬ್ಬಿಯನ್ನು ಎರಡು ಬೆರಳಲ್ಲಿ ಹಿಡಿದು ಹೋಗಿ ಅವರ ಬಾಗಿಲಿಗೇ ಇಟ್ಟು ಬಂದೆ. ನಾನು ಸಿಡುಕಿನ ಹೆಂಗಸು ಅಂತ ಆದಿತ್ಯನಗರದಲ್ಲಿ ಮೊದಲೇ ಹೆಸರಿದೆ, ಅದಕ್ಕೆ ಇನ್ನೊಂದು ಸೇರಿತು.

ನಾನು ಹುಟ್ಟಿ ಬೆಳೆದದ್ದು ದಂಡೋತಿಯಲ್ಲಿ, ಕಾಗಿಣಾ ಹೊಳೆಯ ದಂಡೆಗೆ. ಕೊಟ್ಟಿದ್ದು ಶಹಾಬಾದಿನ ಮನೆಗೆ. ನಮ್ಮ ಮನೆಯವರಿಗೆ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ, ಹಾಗಾಗಿ ನಾವು ಕಾರ್ಖಾನೆಯ ಕಾಲೊನಿ ಆದಿತ್ಯನಗರದಲ್ಲಿ. ಅತ್ತೆ ಇರುವುದು ಶಹಾಬಾದಿನಲ್ಲಿ, ನಮ್ಮ ಮನೆಯವರ ಅಣ್ಣ ಶರಣಪ್ಪ ಭಾವನ ಜೊತೆ. ಭಾವನದು ನೆಲಕ್ಕೆ ಹಾಸುವ ಫರ್ಶಿ ಕಲ್ಲು ಪಾಲಿಶ್ ಮಾಡಿಸಿ ಮಾರುವ ಧಂದೆ. ಅವರ ಮನೆಯ ಹಿಂದೆಯೇ ಕೈಬಿಟ್ಟ ಒಂದು ಖಣಿ ಇದೆ. ಕಲ್ಲು ಎಬ್ಬಿಸಿ ಒಯ್ದ ಮೇಲೆ ಉಳಿದ ಕುಣಿಯಲ್ಲಿ ವರ್ಷ ವರ್ಷದ ಮಳೆನೀರು ನಿಂತು ಹಸಿರಾಗಿ, ತಳ ಕಾಣದಷ್ಟು ಆಳವಾಗಿದೆ. ಓಣಿಯ ಅರ್ಧ ಮಕ್ಕಳು ಈಜು ಕಲಿತದ್ದು ಅಲ್ಲಿಯೇ, ಕಲಿಸಿದ್ದು ಭಾವ.

ಅವರು ಕಲಿಸುವ ರೀತಿ ನೋಡಿದರೆ ಹೊಸಬರ ಜೀವ ಬಾಯಿಗೆ ಬರಬೇಕು. ಖಾಲಿ ಎಣ್ಣೆ ಡಬ್ಬಿಯ ಮುಚ್ಚಳದ ಕೆಳಗೆ ಸೈಕಲ್ ಟ್ಯೂಬಿನ ತುಂಡಿಟ್ಟು ಬಿಗಿಯುತ್ತಾರೆ. ಹಳೇ ಧೋತರದ ಪಟ್ಟಿ ಹರಿದು ಡಬ್ಬಿಯನ್ನು ಹುಡುಗರ ಬೆನ್ನಿಗೆ ಕಟ್ಟುತ್ತಾರೆ. ಆಮೇಲೆ ಎತ್ತಿ ನೀರಿಗೆ ಒಗೆದುಬಿಡುತ್ತಾರೆ. ಹುಡುಗ ಒಮ್ಮೆ ಮುಳುಗಿ, ಬುಳಕ್ಕೆಂದು ಮೇಲೆ ಬಂದು, ಕೈಕಾಲು ಬಡಿಯುತ್ತಾ ಅಳುತ್ತಾನೆ. ಭಾವ ಆ ಹೊತ್ತಿಗೆ ಕಲ್ಲಿನ ಮೇಲೆ ಕೂತು ಇನ್ನೊಬ್ಬನಿಗೆ ಪಟ್ಟಿ ಕಟ್ಟುತ್ತಿರುತ್ತಾರೆ. "ಡಬ್ಬಿ ಕಟ್ಟಿದ ಮ್ಯಾಲ ನೋಡೂದೇನದ? ಮುಳುಗಂಗಿಲ್ಲ" ಅನ್ನುವುದು ಅವರ ಮಾತು. ಖಣಿಯಲ್ಲಿ ಅದು ನಿಜವೇ ಆಗಿತ್ತು. ಆ ನೀರು ಮುಳುಗಿಸುತ್ತದೆ, ಆದರೆ ಯಾರನ್ನೂ ಎಲ್ಲಿಗೂ ಒಯ್ಯುವುದಿಲ್ಲ. ಎಲ್ಲಿ ಬಿದ್ದಿರೋ ಅಲ್ಲೇ ಇರುತ್ತೀರಿ. ನಮ್ಮ ಮಗಳು ಅಕ್ಷತಾಳೂ ಹಾಗೇ ಡಬ್ಬಿ ಕಟ್ಟಿಕೊಂಡು, ದೊಡ್ಡಪ್ಪನ ಮೇಲೆ ಪೂರ್ತಿ ಭರವಸೆ ಇಟ್ಟು, ಅಳದೆ ಕಲಿತಳು.

ನಾವು ಸಮುದ್ರಕ್ಕೆ ಹೋದ ವರ್ಷ ಅವಳು ಎರಡನೇ ಇಯತ್ತೆ ಮುಗಿಸಿದ್ದಳು. ಏಪ್ರಿಲ್ ತಿಂಗಳಲ್ಲೇ ಬಿಸಿಲು ಮನುಷ್ಯರನ್ನು ಮನೆಯೊಳಗೆ ಕಟ್ಟಿಹಾಕಿತ್ತು. ಮಧ್ಯಾಹ್ನ ನಲ್ಲಿಯಲ್ಲಿ ಬರುವ ನೀರು ಚಹಾಕ್ಕೆ ಆಗುವಷ್ಟು ಬಿಸಿ. ಕೂಲರಿನ ಮುಂದೆ ಹೊಟ್ಟೆ ಅಡಿ ಹಾಕಿ ಮಲಗಿ, ಪುಸ್ತಕದಲ್ಲಿನ ಸಮುದ್ರದ ಚಿತ್ರ ನೋಡುತ್ತಾ ಅಕ್ಷತಾ ಕೇಳಿದಳು: "ಮಮ್ಮಿ, ಇದರ ಆಚಿ ದಂಡಿ ಎಲ್ಲದ?" ಇಲ್ಲ ಅಂದೆ. "ದಂಡಿ ಇರಲಾರದ ನೀರು ಇರ್ತದೇನು?" ಅಂದಳು. ಅವಳಪ್ಪನಿಗೆ ಅದು ಎಷ್ಟು ಮುದ್ದಾಗಿ ಕೇಳಿಸಿತೆಂದರೆ, ಅವತ್ತೇ ಅಣ್ಣನಿಗೆ ಫೋನ್ ಮಾಡಿ ಮಕ್ಕಳಿಗೆ ಸಮುದ್ರ ತೋರಿಸಿಕೊಂಡು ಬರೋಣ ಅಂದರು. ಭಾವನಿಗೆ ಹೆಂಡತಿ ಮಹಾದೇವಿ ಅಕ್ಕ, ಮಗ ಬಸು. ಬಸುಗೆ ಆಗ ಐದು ವರ್ಷ. ಹೋಗುವುದು ಆರು ಮಂದಿ ಎಂದಾಯಿತು.

ಅತ್ತೆ ಮಾತ್ರ ಮುಖ ಸಣ್ಣದು ಮಾಡಿದರು. "ಅಮಾಸಿ ಮುಂದಿಟ್ಟುಕೊಂಡು ನೀರಿನ ದಾರಿ ಹಿಡೀಬ್ಯಾಡ್ರಿ. ಅಮಾಸಿ ಮುಗೀಲಿ, ಹೋಗ್ರಿ" ಅಂದರು. ನಮ್ಮ ಮನೆಯವರಿಗೆ ರಜೆ ಸಿಕ್ಕಿದ್ದೇ ಅಷ್ಟು ದಿನ, ಅದೂ ಮೇ ತಿಂಗಳ ಕೊನೆಗೆ. "ಅವ್ವಾ, ಸಮುದ್ರಕ್ಕೇನು ಅಮಾಸಿ, ಹುಣವಿ ಗೊತ್ತಾಗ್ತದೇನು?" ಅಂತ ಅವರು ನಕ್ಕರು. ಗೊತ್ತಾಗುತ್ತದೆ ಅನ್ನುವುದು ನಮಗೆ ಆಮೇಲೆ ತಿಳಿಯಿತು. ಆಗ ನಾನೂ ನಕ್ಕಿದ್ದೆ.

ವಾಡಿಯಿಂದ ಒಂದು ಕ್ರೂಸರ್ ಗಾಡಿ ಗೊತ್ತು ಮಾಡಿದೆವು. ನಾನೂ ಅಕ್ಕನೂ ಎರಡು ದಿನ ಕೂತು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆ ಮಾಡಿ ಕಟ್ಟಿದೆವು. ಹೊರಡುವಾಗ ನೋಡುತ್ತೇನೆ, ಭಾವ ಗಾಡಿಯ ತಲೆಯ ಮೇಲೆ ಎರಡು ಎಣ್ಣೆ ಡಬ್ಬಿ ಕಟ್ಟುತ್ತಿದ್ದಾರೆ.

"ಇವು ಯಾಕ್ರಿ ಭಾವ?" ಅಂದೆ.

"ಮಕ್ಕಳು ನೀರಿಗಿ ಇಳೀತಾವಲ್ಲ ತಂಗಿ?"

"ಅದು ಸಮುದ್ರ ಅದರಿ."

"ಸಮುದ್ರ ಅಂದ್ರೇನು? ದೊಡ್ಡ ಖಣಿ. ನೀ ಫಿಕರ್ ಮಾಡಬ್ಯಾಡ" ಅಂದು ಹಗ್ಗದ ಗಂಟು ಎಳೆದು ಬಿಗಿ ಮಾಡಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ದಾರಿಯುದ್ದಕ್ಕೂ ಗಾಡಿ ಕುಣಿದಾಗೆಲ್ಲ ಆ ಖಾಲಿ ಡಬ್ಬಿಗಳು ತಲೆಯ ಮೇಲೆ ಡಬಡಬ ಬಡಿಯುತ್ತಿದ್ದವು. ಹುಬ್ಬಳ್ಳಿ ದಾಟುವ ತನಕ ಕೇಳಿದ ಮೇಲೆ ನನಗೆ ತಲೆನೋವು ಬಂತು.

ಕಾರವಾರದ ಕಡೆಯ ಒಂದು ಸಣ್ಣ ಊರು. ತೆಂಗಿನ ಮರಗಳ ನಡುವೆ ಒಬ್ಬ ಅಜ್ಜಿಯ ಮನೆಯಲ್ಲಿ ಎರಡು ಕೋಣೆ ಬಾಡಿಗೆಗೆ ಸಿಕ್ಕವು. ಗಾಡಿಯಿಂದ ಇಳಿದಾಗ ಸಮುದ್ರ ಕಾಣಲಿಲ್ಲ, ಬರೀ ಸದ್ದು ಕೇಳಿಸಿತು. ನಾನು ಯಾವುದೋ ಗೂಡ್ಸ್ ಗಾಡಿ ಹೋಗುತ್ತಿದೆ ಅಂದುಕೊಂಡು ಅದು ಮುಗಿಯಲಿ ಅಂತ ಕಾದೆ. ಮುಗಿಯಲಿಲ್ಲ. ವಾಡಿ ಜಂಕ್ಷನ್ನಿನ ಕಡೆಯವರಿಗೆ ರೈಲಿನ ಸದ್ದು ಹೊಸದಲ್ಲ, ಆದರೆ ಯಾವ ರೈಲಾದರೂ ಒಂದು ಹೊತ್ತಿಗೆ ದಾಟಿ ಹೋಗುತ್ತದೆ. ಇದು ದಾಟಲೇ ಇಲ್ಲ. ನಾನು ಅಲ್ಲಿ ಇದ್ದಷ್ಟು ಹೊತ್ತೂ ಯಾರೋ ಬಾಗಿಲಾಚೆ ನಿಂತಿದ್ದಾರೆ ಅನ್ನುವ ಹಾಗೆ ಕಿವಿ ಆ ಕಡೆಗೇ ಇರುತ್ತಿತ್ತು.

ಸಂಜೆ ಎಲ್ಲರೂ ದಂಡೆಗೆ ಹೋದೆವು. ಮಕ್ಕಳು ಹುಚ್ಚೆದ್ದು ಓಡಿದರು. ನಾನು ಒಣ ಉಸುಕಿನಲ್ಲೇ ನಿಂತಿದ್ದೆ. "ಊರಿಗಿ ಬಂದಾಕಿ ನೀರಿಗಿ ಬರಲಾರದ ಇರ್ತಾಳೇನು? ಬಾ" ಅಂತ ಮಹಾದೇವಿ ಅಕ್ಕ ಸೆರಗು ಹಿಡಿದು ಎಳೆದಳು. ತೆರೆ ಬಂದು ಕಾಲು ತೋಯಿಸಿತು. ಹಿಂದಕ್ಕೆ ಹೋಗುವಾಗ ಹಿಮ್ಮಡಿಯ ಕೆಳಗಿನ ಉಸುಕನ್ನೂ ಎಳೆದುಕೊಂಡು ಹೋಯಿತು. ನಾನು ತಟ್ಟನೆ ಈಚೆ ಬಂದೆ. ಅದು ನನಗೆ ಗೊತ್ತಿದ್ದ ಎಳೆತ. ಆಷಾಢದಲ್ಲಿ ಕಾಗಿಣಾ ತುಂಬಿದಾಗ ಮೆಟ್ಟಿಲ ಮೇಲೆ ಕೊಡ ತುಂಬಲು ಬಗ್ಗಿದರೆ ಕೊಡ ಕೈಯಿಂದ ಹೀಗೇ ಜಾರುತ್ತಿತ್ತು. ಹೊಳೆಯ ಊರಿನ ತಾಯಂದಿರು ಮಕ್ಕಳಿಗೆ ಮೊದಲು ಕಲಿಸುವುದು ಹೆದರಿಕೆಯನ್ನು, ಈಜನ್ನಲ್ಲ. ನನಗೆ ಇವತ್ತಿಗೂ ಈಜು ಬರುವುದಿಲ್ಲ.

ಬಸು ಎರಡು ಸಲ ತೆರೆಗೆ ಸಿಕ್ಕು ಬಿದ್ದ. ಬಾಯಿ, ಮೂಗಿಗೆ ಉಪ್ಪುನೀರು ಹೋಗಿ ಊರು ಒಂದಾಗುವಂತೆ ಅತ್ತ. ಭಾವ ಮಗನನ್ನು ಎತ್ತಿಕೊಂಡು ತೆರೆಗಳನ್ನೇ ನೋಡುತ್ತಾ ನಿಂತರು. ಖಣಿಯಲ್ಲಿ ನೀರು ಇವರ ಮಾತು ಕೇಳುತ್ತಿತ್ತು. ಇಲ್ಲಿ ಮಗನನ್ನು ಕೆಡವಿತ್ತಲ್ಲ, ಅದು ಅವರಿಗೆ ಅವಮಾನವಾದ ಹಾಗಿತ್ತು. "ಇಲ್ಲಿ ನೀರು ಕುದೀಲಿಕತ್ತದ. ಸುಮ್ಮ ಇರೂ ನೀರು ಎಲ್ಲ್ಯರೆ ಇದ್ದೇ ಇರ್ತದ, ಹುಡುಕತೀನಿ" ಅಂದರು. ಮನೆಗೆ ಬಂದ ಮೇಲೆ ಬಾಡಿಗೆ ಮನೆಯ ಅಜ್ಜಿ ಅಂಗಳದ ಡಬ್ಬಿಗಳನ್ನು ನೋಡಿ ಏನು ಅಂತ ಕೇಳಿದಳು. ಹೇಳಿದೆವು. "ಮಳೆ ಹತ್ತಿರ ಬಂತು. ಈಗ ಕಡಲು ಮೊದಲಿನ ಹಾಗಲ್ಲ, ಮಕ್ಕಳನ್ನು ದೂರ ಬಿಡಬೇಡಿ" ಅಂದಳು. "ಡಬ್ಬಿ ಅದಾವಲ್ಲರಿ ಅಜ್ಜಿ" ಅಂತ ಭಾವ ಅಂದರು. ಅಜ್ಜಿ ಒಂದು ಡಬ್ಬಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಒಳಗೆ ಹೋದಳು.

ಮಾರನೆಯ ದಿನ ಬೆಳಿಗ್ಗೆ ಭಾವ ಎಲ್ಲರಿಗಿಂತ ಮೊದಲು ಹೋಗಿ ದಂಡೆಯನ್ನು ಈ ತುದಿಯಿಂದ ಆ ತುದಿಗೆ ಅಡ್ಡಾಡಿ ಬಂದರು. ಖುಷಿಯಲ್ಲಿದ್ದರು. ದಂಡೆಯ ಕೊನೆಗೆ ಕರಿ ಬಂಡೆಗಳು ನೀರಿನೊಳಗೆ ಚಾಚಿದ್ದವು. ಅವುಗಳ ಪಕ್ಕಕ್ಕೆ ಒಂದು ಪಟ್ಟಿಯಷ್ಟು ನೀರು ತೆರೆಯಿಲ್ಲದೆ, ನೊರೆಯಿಲ್ಲದೆ, ಕಪ್ಪಗೆ ಮಲಗಿತ್ತು. ಎರಡೂ ಬದಿಗೆ ತೆರೆಗಳು ಒಡೆಯುತ್ತಿದ್ದವು, ಆ ಪಟ್ಟಿಯಲ್ಲಿ ಮಾತ್ರ ಒಡೆಯುತ್ತಿರಲಿಲ್ಲ. "ನೋಡ್ರಿ, ನಮ್ಮ ಖಣಿ ಇದ್ದಂಗ ಅದ" ಅಂದರು ಭಾವ. ಅಲ್ಲಿ ಒಬ್ಬರೂ ಸ್ನಾನ ಮಾಡುತ್ತಿರಲಿಲ್ಲ. "ಮಂದಿನೂ ಇಲ್ಲ, ಭಾಳ ಛಲೋ ಆತು" ಅಂದಳು ಅಕ್ಕ. ಶಾಂತವಾದ ನೀರನ್ನು ನಂಬು, ಅಲ್ಲಾಡುವ ನೀರಿಗೆ ಅಂಜು. ಖಣಿಯ ಊರಿನಲ್ಲಿ ಬೆಳೆದವರಿಗೆ ಇದು ಮೈಗೆ ಹತ್ತಿದ ಪಾಠ. ಸಮುದ್ರದಲ್ಲಿ ದಂಡೆಗೆ ಬಂದ ನೀರೆಲ್ಲ ಹಿಂದಕ್ಕೆ ಹೋಗುವ ದಾರಿಯೇ ಹಾಗೆ ಶಾಂತವಾಗಿ ಕಾಣುತ್ತದೆ ಅಂತ ನಮಗೆ ಹೇಳುವವರು ಯಾರು?

ಭಾವ ಮಕ್ಕಳಿಗೆ ಡಬ್ಬಿ ಕಟ್ಟಿದರು. ಬಸುಗೆ ಉಪ್ಪುನೀರಿನಲ್ಲಿ ಪಟ್ಟಿ ಉರಿಯತೊಡಗಿ, ಅತ್ತು ಬಿಚ್ಚಿಸಿಕೊಂಡ. ಭಾವ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡರು. ಅಕ್ಷತಾ ಹಳದಿ ಮುಚ್ಚಳದ ಬಿಳಿ ಡಬ್ಬಿ ಬೆನ್ನಿಗೇರಿಸಿ, "ದೊಡ್ಡಪ್ಪ, ನಾ ಹೊಂಟೆ" ಅನ್ನುತ್ತಾ ನೀರಿಗಿಳಿದಳು. ನಮ್ಮ ಮನೆಯವರು ಎಳನೀರು ತರಲು ಅಂಗಡಿಯ ಕಡೆ ಹೋಗಿದ್ದರು. ನಾನೂ ಅಕ್ಕನೂ ಉಸುಕಿನ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದೆವು.

ಸಿಪ್ಪೆಗಳನ್ನು ಅಕ್ಕ ನೀರಿನ ಅಂಚಿಗೆ ಎಸೆಯುತ್ತಿದ್ದಳು. ಅವು ತಿರುಗಿ ದಂಡೆಗೆ ಬರಬೇಕಿತ್ತು. ಬರಲಿಲ್ಲ. ಒಂದರ ಹಿಂದೊಂದು ಸಾಲು ಹಿಡಿದು, ಯಾರೋ ಕರೆದ ಹಾಗೆ, ಒಳಗೆ ಹೋಗುತ್ತಿದ್ದವು. ನನ್ನ ಕೈ ನಿಂತಿತು. ಎದ್ದು ಹೋಗಿ ಮೊಣಕಾಲು ನೀರಿನಲ್ಲಿ ನಿಂತು ನೋಡಿದೆ. ನೀರು ಮೇಲೆ ಸುಮ್ಮನಿತ್ತು, ಕೆಳಗೆ ಕಾಲಿಗೆ ತಾಕಿ ಹರಿಯುತ್ತಿತ್ತು. ಒಂದೇ ಕಡೆಗೆ ಹರಿಯುತ್ತಿತ್ತು.

"ಭಾವ, ಈಚಿಗಿ ಬರ್ರಿ" ಅಂತ ಕೂಗಿದೆ. "ಈ ನೀರು ಹರೀಲಿಕತ್ತದ ನೋಡ್ರಿ."

ಭಾವ ಎದೆಮಟ್ಟದ ನೀರಿನಿಂದ ನಕ್ಕರು. "ತಂಗಿ, ಹೊಳಿ ಹರೀತದ. ಸಮುದ್ರ ಎಲ್ಲಿಗಿ ಹರೀತದ? ಬರ್ತದ, ಹೋಗ್ತದ, ಅಷ್ಟ."

"ನಿನಗ ಎಲ್ಲಾದ್ರಾಗೂ ನಿಮ್ಮ ದಂಡೋತಿ ಹೊಳಿನೇ ಕಾಣತದ" ಅಂತ ಹಿಂದಿನಿಂದ ಅಕ್ಕ.

"ಅಕ್ಷು ದೂರ ಹೋಗ್ಯಾಳರಿ!"

"ಆಕಿಂದೇನು ಚಿಂತಿ? ಡಬ್ಬಿ ಅದ" ಅಂದರು. ಅಂದವರು ಹಿಂದಿರುಗಿ ನೋಡಲಿಲ್ಲ.

ಆ ಮಾತು ಮುಗಿದದ್ದೇ, ಅವರ ನಗು ಮುಖದ ಮೇಲೇ ಉಳಿದು ಕಣ್ಣು ಬದಲಾದವು. ಕಾಲ ಕೆಳಗಿನ ಉಸುಕು ಸರಿದಿರಬೇಕು. ಒಮ್ಮೆಗೇ ಕುತ್ತಿಗೆಯ ತನಕ ಹೋದರು. ಬಸು ಕಿರುಚಿದ. ಅವನನ್ನು ತಲೆಯ ಮೇಲಕ್ಕೆ ಎತ್ತಿ ಭಾವ ದಂಡೆಯ ಕಡೆ ಒದ್ದಾಡತೊಡಗಿದರು. ಅಂಥ ಈಜುಗಾರ, ಖಣಿಯಲ್ಲಿ ತಳ ಮುಟ್ಟಿ ಕಲ್ಲು ತರುವ ಮನುಷ್ಯ, ಎಷ್ಟು ಕೈ ಹಾಕಿದರೂ ಇದ್ದಲ್ಲೇ ಇದ್ದರು. ಭಾವನ ಒಂದು ಕೈ ನೀರಿನಿಂದ ಎತ್ತರಕ್ಕೆ ಎದ್ದು ಬೀಸಿತು. ಮುಖ ನಮ್ಮ ಕಡೆಗಿತ್ತು. ಅವರ ಹಿಂದೆ, ಬಹಳ ಹಿಂದೆ, ನನ್ನ ಮಗಳ ಬೆನ್ನಿನ ಬಿಳಿ ಡಬ್ಬಿ ಕಾಣುತ್ತಿತ್ತು. ನೋಡುತ್ತಿದ್ದಂತೆ ಅವಳೂ ಒಂದು ಕೈ ಎತ್ತಿ ಬೀಸಿದಳು.

ನಾನು ಚೀರಿದ್ದು ನನಗೆ ನೆನಪಿಲ್ಲ. ಅಕ್ಕ ಹೇಳುತ್ತಾಳೆ, ಅಂಥ ಧ್ವನಿ ಮನುಷ್ಯರದಲ್ಲ ಅಂತ. ನಡುಮಟ್ಟದ ನೀರಿನ ತನಕ ಓಡಿದೆ. ಅಕ್ಕ ಹಿಂದಿನಿಂದ ಜಡೆ ಹಿಡಿದು ಎಳೆದಳು. ಭಾವ ಹೇಗೋ ಅಡ್ಡ ಸರಿದು ಬಂಡೆಗೆ ಕೈ ಹಾಕಿದ್ದರು. ಬಂಡೆಗೆ ಅಂಟಿದ ಸಿಂಪಿಯ ಚೂರುಗಳಿಗೆ ಎದೆ, ಮೊಣಕೈ ಹರಿದು ರಕ್ತ ಇಳಿಯುತ್ತಿತ್ತು. ಬಸುವನ್ನು ಬೋರಲು ಮಲಗಿಸಿ ಬೆನ್ನು ಒತ್ತಿದರು. ಅವನು ನೀರು ಕಾರಿ ಅತ್ತ. ನಾನು ಬಂಡೆಗಳ ಮೇಲೆ ಓಡುತ್ತಿದ್ದೆ. "ಅಕ್ಷೂ, ಸುಮ್ಮ ಮಲಕೋ! ಕೈ ಬಡೀಬ್ಯಾಡ!" ಅಂತ ಕೂಗುತ್ತಿದ್ದೆ. ಗಾಳಿ ಆ ಮಾತನ್ನು ನನ್ನ ಬಾಯಿಗೇ ತಿರುಗಿ ತಂದು ತುರುಕುತ್ತಿತ್ತು. ಡಬ್ಬಿ ಒಂದು ಬೆಳ್ಳುಳ್ಳಿ ಎಸಳಿನಷ್ಟಾಯಿತು. ಆಮೇಲೆ ಬಂಡೆಯ ಮೂಲೆ ತಿರುಗಿ ಮರೆಯಾಯಿತು.

ನಮ್ಮ ಮನೆಯವರು ಎಳನೀರು ಅಲ್ಲೇ ಚೆಲ್ಲಿ, ದೋಣಿಗಳು ನಿಲ್ಲುವ ಪಕ್ಕದ ದಂಡೆಗೆ ಗಾಡಿ ಓಡಿಸಿಕೊಂಡು ಹೋದರು. ನಾನು ಬಂಡೆಯ ತುದಿಯಲ್ಲಿ ಕೂತೆ. ಎಷ್ಟು ಹೊತ್ತು ಅಂತ ಕೇಳಬೇಡಿ. ಅವಳು ಮುಳುಗಿರಲಿಕ್ಕಿಲ್ಲ ಅನ್ನುವುದೇ ನನಗೆ ಹೆಚ್ಚು ಭಯ ಹುಟ್ಟಿಸಿತ್ತು. ಮುಳುಗದೆ, ಬದುಕಿದ್ದು, ನನ್ನನ್ನು ಕರೆಯುತ್ತಾ, ದಂಡೆಯೇ ಇಲ್ಲದ ಆ ನೀರಿನ ಮೇಲೆ ಒಬ್ಬಳೇ ದೂರ ದೂರ ಹೋಗುತ್ತಿರುವ ಮಗು. ಮುಳುಗಂಗಿಲ್ಲ, ಮುಳುಗಂಗಿಲ್ಲ ಅಂತ ಭಾವ ನನ್ನ ಹಿಂದೆ ನಿಂತು ಗೊಣಗುತ್ತಿದ್ದರು. ಎದ್ದು ಅವರ ಬಾಯಿಗೆ ಉಸುಕು ತುಂಬಬೇಕು ಅನ್ನಿಸಿತ್ತು.

ಮೀನು ಹಿಡಿದು ತಿರುಗಿ ಬರುತ್ತಿದ್ದ ಒಂದು ದೋಣಿಯವರು ಅವಳನ್ನು ಎತ್ತಿಕೊಂಡರು. ದೋಣಿ ದಂಡೆಗೆ ಬಂದಾಗ ಅವಳು ಬಲೆಯ ರಾಶಿಯ ಮೇಲೆ ಯಾರದೋ ಟವೆಲ್ ಹೊದ್ದು ಕೂತಿದ್ದಳು. ತುಟಿ ನೀಲಿಯಾಗಿತ್ತು. ಬೆನ್ನ ಮೇಲಿನ ಡಬ್ಬಿ ಪಕ್ಕಕ್ಕೆ ವಾಲಿತ್ತು. ನಾನು ಓಡಿಹೋಗಿ ಮೊದಲು ಅವಳ ಕಪಾಳಕ್ಕೆ ಒಂದು ಕೊಟ್ಟೆ, ಆಮೇಲೆ ಅಪ್ಪಿಕೊಂಡೆ. ದೋಣಿಯಲ್ಲಿದ್ದ ಹಿರಿಯನೊಬ್ಬ ಪಟ್ಟಿಯ ಗಂಟು ತೋರಿಸಿದ. ನೀರಿನಲ್ಲಿ ನೆನೆದು ಸಡಿಲಾಗಿ ಒಂದೇ ಸುತ್ತು ಉಳಿದಿತ್ತು. "ಹೆದರಿ ಕೈಕಾಲು ಬಡಿದಿದ್ದರೆ ಡಬ್ಬಿ ಕಳಚಿ ಹೋಗ್ತಿತ್ತು. ಮಗು ಗೊಂಬೆ ಹಾಗೆ ತೇಲ್ತಾ ಇತ್ತು, ಒಂದು ಹನಿ ಅತ್ತಿರಲಿಲ್ಲ" ಅಂದ.

"ಯಾಕ ಅಳಲಿಲ್ಲವಾ, ಬಂಗಾರ?" ಅಂತ ಅವಳಪ್ಪ ಕೇಳಿದರು. ಅವರು ತಾವೇ ಅಳುತ್ತಿದ್ದರು.

"ದೊಡ್ಡಪ್ಪ ನನಗ ಕೈ ಮಾಡಿದ್ನಲ್ಲ," ಅಂದಳು ಅಕ್ಷತಾ. "ಹೆದರಬ್ಯಾಡ, ಸುಮ್ಮ ಇರು, ದೋಣಿ ಕಳಸ್ತೀನಿ ಅಂತ. ನಾನೂ ಹೂಂ ಅಂತ ಕೈ ಮಾಡ್ದೆ."

ಎಲ್ಲರೂ ಭಾವನ ಕಡೆ ನೋಡಿದೆವು. ಅವರು ಎದೆಯ ಗಾಯಕ್ಕೆ ಒತ್ತಿಕೊಂಡಿದ್ದ ಬಟ್ಟೆ ತೆಗೆದು, ಅದನ್ನೇ ನೋಡುತ್ತಿದ್ದರು. ನಮ್ಮ ಮನೆಯವರು ಅಣ್ಣನನ್ನು ತಬ್ಬಿಕೊಂಡು, "ನೀ ಕೈ ಮಾಡಿ ಉಳಿಸಿದಿ ಅಣ್ಣಾ, ಆಕಿ ಜೀವ ಉಳಿಸಿದಿ" ಅಂದರು. ಭಾವ ತಮ್ಮನ ಕೈ ಬಿಡಿಸಿಕೊಂಡು ಗಾಡಿಯ ಕಡೆ ನಡೆದರು. ಅವತ್ತೇ ಊರಿಗೆ ಹೊರಟೆವು. ಡಬ್ಬಿಗಳು ಅಲ್ಲೇ ದಂಡೆಯ ಮೇಲೆ ಉಳಿದವು. ಗಾಡಿಯ ತಲೆಯ ಮೇಲೆ ಈಗ ಏನೂ ಬಡಿಯುತ್ತಿರಲಿಲ್ಲ. ಭಾವ ಡ್ರೈವರನ ಪಕ್ಕ ಕೂತು, ಶಹಾಬಾದ್ ಬರುವ ತನಕ ಹಿಂದೆ ತಿರುಗಲಿಲ್ಲ.

ಮನೆಯಲ್ಲಿ ಅತ್ತೆಗೆ ಹೇಳುವುದು ಬೇಡ ಅಂದುಕೊಂಡಿದ್ದೆವು. ಮಕ್ಕಳಿದ್ದ ಮನೆಯಲ್ಲಿ ಗುಟ್ಟೆಲ್ಲಿಯದು? ಅಕ್ಷತಾ ಹೊಸ್ತಿಲು ದಾಟುವ ಮೊದಲೇ ಎಲ್ಲ ಹೇಳಿಬಿಟ್ಟಳು. ಅತ್ತೆ ಮೆಣಸಿನಕಾಯಿ, ಉಪ್ಪು ನಿವಾಳಿಸಿ ದೃಷ್ಟಿ ತೆಗೆದರು. ಬೈಗುಳವೂ ಬಂತು, ಅಮಾಸಿಯ ಮಾತೂ ಬಂತು. ಕೊನೆಗೆ ಭಾವನ ಗಲ್ಲ ಸವರಿ, "ನನ್ನ ಮಗ ಅಷ್ಟು ಹೊತ್ತಿನ್ಯಾಗೂ ಬುದ್ಧಿ ಕಳಕೊಳ್ಳಲಿಲ್ಲ. ಕೂಸಿಗಿ ಕೈ ಮಾಡಿ ಧೈರ್ಯ ಕೊಟ್ಟ" ಅಂದರು. ಆಮೇಲೆ ಬಂದ ಹೋದ ಬೀಗರಿಗೆಲ್ಲ ಅದೇ ಮಾತು. ನಾನೂ ಒಂದಿಬ್ಬರಿಗೆ ಹಾಗೇ ಹೇಳಿದ್ದುಂಟು. ಹೇಳುವಾಗ ನನ್ನ ಕಣ್ಣೆದುರಿಗೆ ಬರುತ್ತಿದ್ದದ್ದು ಮಾತ್ರ ದಂಡೆಯ ಕಡೆ ತಿರುಗಿದ್ದ ಅವರ ಮುಖ. ಅದನ್ನು ಹೆಚ್ಚು ಹೊತ್ತು ನಿಲ್ಲಗೊಡುತ್ತಿರಲಿಲ್ಲ.

ಜೂನಿನಲ್ಲಿ ಮಿರಗದ ಮೊದಲ ಮಳೆ ಬಿದ್ದ ದಿನ ಭಾವ ಒಬ್ಬರೇ ಬೈಕಿನ ಮೇಲೆ ನಮ್ಮ ಕ್ವಾರ್ಟರಿಗೆ ಬಂದರು. ಶಾಲೆ ಶುರುವಾಗಿತ್ತು, ಅಕ್ಷತಾ ಶಾಲೆಯಲ್ಲಿದ್ದಳು. ಅವಳಪ್ಪ ಡ್ಯೂಟಿಯ ಮೇಲಿದ್ದರು. "ಬರ್ರಿ ಭಾವ, ಕುಂದ್ರಿ" ಅಂದೆ. ಕೂರಲಿಲ್ಲ. ತೊಯ್ದ ಅಂಗಿಯಲ್ಲಿ ಬಾಗಿಲ ಚೌಕಟ್ಟಿಗೆ ಆನಿಕೊಂಡು ನಿಂತರು. ಹದಿನೈದು ದಿನದಲ್ಲಿ ಮನುಷ್ಯ ಇಷ್ಟು ಇಳಿಯುತ್ತಾನೆಯೇ ಅನ್ನಿಸಿತು.

"ತಂಗಿ, ಒಂದು ಮಾತು ಹೇಳಿ ಹೋಗ್ತೀನಿ. ಎಲ್ಲಾರೂ ನನ್ನ ಹೊಗಳಾಕತ್ತಾರ, ನನಗ ಅನ್ನ ಗಂಟಲಾಗ ಇಳೀವಲ್ದು."

"ಆಗಿದ್ದು ಆಗಿ ಹೋತು ಬಿಡ್ರಿ ಭಾವ. ಮಗಳು ಮನ್ಯಾಗ ಅದಾಳ."

"ಆ ಕೈ ಆಕಿಗಲ್ಲ" ಅಂದರು.

ಒರೆಸಿಕೊಳ್ಳಲು ಟವೆಲ್ ಕೊಟ್ಟೆ. ತೆಗೆದುಕೊಳ್ಳಲಿಲ್ಲ.

"ಉಸುಕು ಜಾರಿತು. ಬಸು ಕೈಯಾಗಿಂದ ಹೊಂಟಿದ್ದ. ಯಾರರೆ ಬಂದು ನನ್ನ ಮಗನ್ನ ಹಿಡೀರಿ ಅಂತ ದಂಡಿ ಕಡಿ ಕೈ ಎತ್ತೀನಿ. ಅಕ್ಷು ನನ್ನ ಬೆನ್ನ ಹಿಂದ ಇದ್ದಳು. ನಾ ಆಕಿನ್ನ ನೋಡೇ ಇಲ್ಲ ತಂಗಿ."

ಹೊರಗೆ ಮಳೆ ಜೋರಾಯಿತು. ನಾನು ಕೇಳಿದೆ: "ಆಕಿ ನೆನಪು ಯಾವಾಗ ಆತ್ರಿ?"

"ಬಸು ನೀರು ಕಾರಿದ ಮ್ಯಾಲ. ನೀ ಬಂಡಿಗಲ್ಲಿನ ಮ್ಯಾಲ ಓಡೂದು ಕಾಣಿಸ್ತು. ಇಕಿ ಯಾಕ ಓಡಾಕತ್ತಾಳ ಅಂದ್ಕೊಂಡೆ. ಆವಾಗ." ಅಂಗೈಯಿಂದ ಮುಖ ಒರೆಸಿಕೊಂಡರು. "ಅಲ್ಲೀತನಕ ಆಕಿ ಅದಾಳ ಅನ್ನೂದೇ ನನ್ನ ತಲ್ಯಾಗ ಇದ್ದಿಲ್ಲ. ಡಬ್ಬಿ ಕಟ್ಟೀನಿ, ಮುಗೀತು."

ನನಗೆ ಸಿಟ್ಟು ಬಂತು. ಬರಲಿಲ್ಲ ಅಂದರೆ ಸುಳ್ಳು. ಮಗನನ್ನು ಹಿಡಿದು ನನ್ನ ಮಗಳನ್ನು ಬಿಟ್ಟರು ಅನ್ನುವುದಕ್ಕಲ್ಲ. ಯಾವ ತಂದೆಯಾದರೂ ಅದನ್ನೇ ಮಾಡುತ್ತಿದ್ದ. ಬಿಡುವುದಕ್ಕಾದರೂ ಅವಳ ನೆನಪು ಇರಬೇಕಿತ್ತಲ್ಲ, ಅದೂ ಇರಲಿಲ್ಲ ಅನ್ನುವುದಕ್ಕೆ. ಅಷ್ಟು ದೊಡ್ಡ ನೀರಿನ ಮೇಲೆ ನನ್ನ ಕೂಸು ಯಾರದೂ ಆಗಿರಲಿಲ್ಲ. ಅವಳಿಗೆ ಮಾತ್ರ ಅದು ಗೊತ್ತಿರಲಿಲ್ಲ, ಗೊತ್ತಿಲ್ಲದ್ದಕ್ಕೇ ಉಳಿದುಕೊಂಡಳು.

"ಆಕಿಗಿ ಹೇಳ್ತೀನಿ" ಅಂದರು ಭಾವ. "ಸಾಲಿಂದ ಬರಲಿ, ಕೈ ಮುಗದು ಹೇಳ್ತೀನಿ."

"ಬ್ಯಾಡ್ರಿ" ಅಂದೆ. ನನ್ನ ಧ್ವನಿ ನನಗೇ ಗಡುಸಾಗಿ ಕೇಳಿಸಿತು. "ನಿಮಗ ಹಗುರ ಆಗ್ತದ, ಆಕಿಗಿ ಏನಾಗ್ತದ? ನೀವು ಸಾಯೂತನಕ ಇದನ್ನ ಹೊರ್ರಿ ಭಾವ. ನಾನೂ ಹೊರ್ತೀನಿ." ಅವರು ತಲೆಯಾಡಿಸಿದರು. ಚಹಾ ಮಾಡಿಕೊಟ್ಟೆ. ಕುಡಿದು, ಮಳೆ ನಿಲ್ಲುವುದನ್ನು ಕಾಯದೆ ಹೊರಟುಹೋದರು.

ಅಕ್ಷತಾ ಈಗ ಹೈಸ್ಕೂಲಿನಲ್ಲಿದ್ದಾಳೆ. ಯಾವುದಕ್ಕೂ ಹೆದರದ ಹುಡುಗಿ ಅಂತ ಮಾಸ್ತರರು ಮೆಚ್ಚುತ್ತಾರೆ. ರಸ್ತೆಯ ಮೇಲೆ ಸಿಮೆಂಟ್ ಲಾರಿಗಳು ಒಂದರ ಹಿಂದೊಂದು ಓಡುತ್ತಿರುವಾಗ ಅವಳು ಸೈಕಲ್ ತಿರುಗಿಸುವುದನ್ನು ನೋಡಬೇಕು, ಎಡಕ್ಕೂ ನೋಡುವುದಿಲ್ಲ, ಬಲಕ್ಕೂ ನೋಡುವುದಿಲ್ಲ. ಬೈದರೆ, "ಲಾರಿಯವರು ನನ್ನ ನೋಡಿರ್ತಾರ ಮಮ್ಮಿ" ಅನ್ನುತ್ತಾಳೆ. ಹೊಸ ಗೆಳತಿಯರು ಮನೆಗೆ ಬಂದರೆ ಸಮುದ್ರದ ಕಥೆ ಹೇಳದೆ ಬಿಡುವುದಿಲ್ಲ. ದೊಡ್ಡಪ್ಪ ಅಷ್ಟು ದೂರದಿಂದ ಹೇಗೆ ಕೈ ಮಾಡಿದ ಅಂತ ಎದ್ದು ನಿಂತು ತೋರಿಸುತ್ತಾಳೆ. "ಯಾರರೆ ಒಬ್ಬರು ನೋಡ್ಲಿಕತ್ತೇ ಇರ್ತಾರ, ಅದಕ್ಕ ನನಗ ಹೆದರಿಕಿನೇ ಇಲ್ಲ" ಅನ್ನುತ್ತಾಳೆ. ಆಮೇಲೆ ಅಡುಗೆ ಮನೆಯ ಕಡೆ ತಿರುಗಿ, "ಹೌದಲ್ಲ ಮಮ್ಮಿ?" ಅಂತ ಕೇಳುತ್ತಾಳೆ.

ಹೌದು ಅನ್ನುತ್ತೇನೆ.